ಹಂದಿಗೆ ಗುಂಡು ಹಾರಿಸಿದ ವರ್ಷ

ಸಿಡಿಮದ್ದು ಕಚ್ಚಿದ್ದು ಹಂದಿಯಲ್ಲ, ನಮ್ಮತ್ತೆಯ ಹಸು.

ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದ ಅತ್ತೆ, ಹಸುವನ್ನು ಮೇಯಲೆಂದು ಹಳ್ಳದ ಬದುವಿಗೆ ಹೊಡೆದುಕೊಂಡು ಹೋಗಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಢಮ್ಮೆಂದು ಒಂದು ಸದ್ದಾಯಿತು. ನಮ್ಮೂರಿನ ಸುತ್ತ ಕಲ್ಲು ಕ್ವಾರಿಗಳಿರುವುದರಿಂದ ಅಂಥ ಸದ್ದಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನೂ ನೋಡಲಿಲ್ಲ. ಆದರೆ ಅದರ ಬೆನ್ನಿಗೇ ಅತ್ತೆಯ ಕೂಗು ಕೇಳಿತು. ನಾನು ಕೈಯಲ್ಲಿದ್ದ ಬೋಗುಣಿಯನ್ನು ಅಲ್ಲೇ ಬಿಟ್ಟು ಓಡಿದೆ.

ಹಸು ನಿಂತೇ ಇತ್ತು. ಕೆಳದವಡೆ ಇರಬೇಕಾದ ಕಡೆ ದವಡೆ ಇರಲಿಲ್ಲ. ಅದು ಅರಚಲಿಲ್ಲ, ಒದ್ದಾಡಲಿಲ್ಲ. ಕಾಲುಗಳು ಮಾತ್ರ ನಡುಗುತ್ತಿದ್ದವು. ಅತ್ತೆ ಅದರ ಕೊರಳಿಗೆ ಒಂದು ಕೈ ಸುತ್ತಿ, ಇನ್ನೊಂದು ಕೈಯಿಂದ ಸೆರಗನ್ನು ಉಂಡೆ ಮಾಡಿ ಗಾಯಕ್ಕೆ ಒತ್ತಿ ಹಿಡಿದಿದ್ದರು. ಹಾರೋಹಳ್ಳಿಯಿಂದ ಪಶುವೈದ್ಯರು ಬರುವವರೆಗೂ ಅವರಿಬ್ಬರೂ ಹಾಗೆಯೇ ನಿಂತಿದ್ದರು. ನಾನು ನೀರು ತಂದೆ. ಯಾರಿಗೆ ಕುಡಿಸಬೇಕೆಂದು ತಿಳಿಯದೆ ಚೊಂಬು ಹಿಡಿದುಕೊಂಡು ನಾನೂ ನಿಂತೆ.

ಡಾಕ್ಟರು ನೋಡಿದವರೇ ತಲೆಯಾಡಿಸಿದರು. “ಉಳಿಸೋಕಾಗಲ್ಲಮ್ಮ. ಇನ್ನು ಇದು ಮೇಯೋ ಹಂಗಿಲ್ಲ, ನೀರು ಕುಡಿಯೋ ಹಂಗಿಲ್ಲ. ನರಳೋಕೆ ಬಿಡೋದು ಬೇಡ.”

“ಸೂಜಿ ಕೊಡಪ್ಪ,” ಎಂದರು ಅತ್ತೆ. “ನಾನು ಇಡ್ಕಂಡಿರ್ತೀನಿ.”

ಹಸು ಮೊದಲು ಮಂಡಿಯೂರಿ, ಆಮೇಲೆ ಪಕ್ಕಕ್ಕೆ ವಾಲಿತು. ಅತ್ತೆಯೂ ಅದರ ಜೊತೆಗೇ ನೆಲಕ್ಕೆ ಕೂತರು.

ಸಿಡಿಮದ್ದು ಎಂದರೆ ನಿಂಬೆಹಣ್ಣಿನ ಗಾತ್ರದ ಉಂಡೆ. ಒಳಗೆ ಮದ್ದು ಮತ್ತು ಕಲ್ಲಿನ ಚೂರು, ಹೊರಗೆ ಬೆಲ್ಲ ಬೆರೆಸಿದ ಹಿಟ್ಟು. ಹಂದಿ ಬರುವ ಜಾಡಿನಲ್ಲಿ ಇಟ್ಟರೆ ವಾಸನೆ ಹಿಡಿದು ಬಂದು ಕಚ್ಚುತ್ತದೆ, ಕಚ್ಚಿದೊಡನೆ ಸಿಡಿಯುತ್ತದೆ. ಅದನ್ನು ಇಡುವುದು ಅಪರಾಧ ಎಂಬುದು ಎಲ್ಲರಿಗೂ ಗೊತ್ತು. ಹಂದಿಯ ಕಾಟ ಎಷ್ಟೆಂಬುದೂ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಇಟ್ಟವರು ಯಾರೆಂದು ಆ ದಿನ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಕಾಡುಹಂದಿ ಎಲ್ಲೋ ವರ್ಷಕ್ಕೊಮ್ಮೆ ಕಾಣುತ್ತಿತ್ತು. ಆಮೇಲೆ ಊರಿನ ತೆಂಕಣ ದಿಕ್ಕಿನ ಹೊಲಗಳನ್ನು ಬೆಂಗಳೂರಿನವರು ಕೊಂಡು, ಕಲ್ಲುಕಂಬ ನೆಟ್ಟು ತಂತಿ ಎಳೆದು, ಗೇಟಿಗೆ ಬೀಗ ಹಾಕಿ ಹೊರಟುಹೋದರು. ಉಳುವವರಿಲ್ಲದ ಆ ನೆಲದಲ್ಲಿ ಲಾಂಟಾನ, ಜಾಲಿ ಆಳೆತ್ತರ ಬೆಳೆದು ಹಗಲಲ್ಲೂ ಬೆಳಕು ಹೋಗದಂತಾಯಿತು. ಹಂದಿಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಿರಲಿಲ್ಲ. ಒಂದೊಂದು ಹೆಣ್ಣಿನ ಹಿಂದೆ ಮರಿಗಳ ಸಾಲು ಹೋಗುವುದನ್ನು ನಾವು ಸಂಜೆ ಹೊತ್ತು ಬಸ್ಸಿಗೆ ಕಾಯುತ್ತಲೇ ನೋಡುತ್ತಿದ್ದೆವು.

ನಮ್ಮದು ಕಡ್ಲೆಕಾಯಿ, ರಾಗಿ, ಜೊತೆಗೆ ಒಂದಿಷ್ಟು ಕುರಿ. ಗಂಡ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾರೆ. ಹೊಲ ನನ್ನದು ಮತ್ತು ಅತ್ತೆಯದು. ಹಂದಿ ಕಡ್ಲೆಕಾಯಿ ಹೊಲಕ್ಕೆ ನುಗ್ಗಿದರೆ ಅದು ತಿನ್ನುವುದಕ್ಕಿಂತ ಉರುಳಿಸಿ ಹಾಳು ಮಾಡುವುದೇ ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದರೆ ನೇಗಿಲು ಹೊಡೆದ ಹಾಗೆ ನೆಲ ಬಗೆದಿರುತ್ತದೆ, ಹಾಲುಗಾಯಿ ಕಟ್ಟಿದ ಗಿಡಗಳು ಬೇರು ಮೇಲಾಗಿ ಬಿದ್ದಿರುತ್ತವೆ. ಮನೆಯ ಹಳೆಯ ಸೀರೆಗಳನ್ನೆಲ್ಲ ಬೇಲಿಗೆ ಕಟ್ಟಿದೆವು. ಕಟಿಂಗ್ ಶಾಪಿನಿಂದ ಕೂದಲು ತಂದು ಬದುವಿನುದ್ದಕ್ಕೂ ಉದುರಿಸಿದೆವು. ಗಂಡ ತಮ್ಮದೇ ಗಂಟಲಿನ ಕೂಗನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿಟ್ಟರು. ಮೊದಮೊದಲು ಹಂದಿಗಳು ಹೆದರಿದವು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇವೆ, ಸ್ಪೀಕರು ಕೂಗುತ್ತಲೇ ಇದೆ, ಅದರ ಬುಡದಲ್ಲೇ ಗಿಡ ಕಿತ್ತು ತಿಂದಿವೆ.

ಹಸು ಸತ್ತ ಎರಡು ದಿನಕ್ಕೆ ಡೇರಿಯ ಮುಂದೆ ಊರಿನವರು ಸೇರಿದರು. ಫಾರೆಸ್ಟ್ ಗಾರ್ಡೂ ಬಂದಿದ್ದ. ವಿಜಯಪುರದ ಕಡೆಯ ಹುಡುಗ, ಮೆತ್ತನೆಯ ಮಾತಿನವನು. ಯಾರು ಇಟ್ಟದ್ದೆಂದು ಅವನು ಕೇಳಿದಾಗ ಎಲ್ಲರೂ ನೆಲ ನೋಡಿದರು. ಆಗ ನಮ್ಮ ಕೆಳಗಿನ ಹೊಲದವರು ಎದ್ದು ನಿಂತರು. ನನ್ನ ಗಂಡನ ವಾರಿಗೆಯವರು, ಒಟ್ಟಿಗೆ ಶಾಲೆಗೆ ಹೋದವರು. ಅವರ ರಾಗಿ ಪೈರನ್ನು ಆ ವರ್ಷ ಹಂದಿಗಳು ಮುಕ್ಕಾಲು ಪಾಲು ತುಳಿದು ಹಾಕಿದ್ದವು.

“ನಾನೇ ಕಣವ್ವ ಇಟ್ಟಿದ್ದು,” ಎಂದರು ಅತ್ತೆಯ ಕಡೆಗೆ ತಿರುಗಿ. “ಹಂದಿಗೆ ಅಂತ ಇಟ್ಟೆ. ನಿನ್ನ ಹಸ ಅಲ್ಲಿಗ್ ಬತ್ತದೆ ಅಂತ ಗೊತ್ತಿರ್ನಿಲ್ಲ.”

ಅತ್ತೆ ಬೈಯುತ್ತಾರೆ, ಮಣ್ಣು ತೂರಿ ಶಾಪ ಹಾಕುತ್ತಾರೆ ಎಂದು ನಾನು ಕಾದೆ. ಅತ್ತೆ, “ಇನ್ನೂ ಎಲ್ಲೆಲ್ಲಿ ಇಟ್ಟಿದ್ದೀಯ?” ಎಂದು ಕೇಳಿದರು.

“ಇನ್ನೂ ಅವೆ.”

“ನಡಿ ಮತ್ತೆ. ಮೊದ್ಲು ಅವ್ನ ತೆಗಿ. ಮಕ್ಕಳು ಮರಿ ಓಡಾಡೋ ಜಾಗ.”

ಗಾರ್ಡನ್ನೂ ಕರೆದುಕೊಂಡು ಅವರು ಹೋದರು. ಇಟ್ಟಿದ್ದ ಉಂಡೆಗಳು ಒಂದೊಂದಾಗಿ ಸಿಕ್ಕವು. ಒಂದು ಮಾತ್ರ ಸಿಗಲಿಲ್ಲ. ಹಳ್ಳದ ಆಚೆ, ಬೀಗ ಹಾಕಿದ ಜಮೀನಿನ ತಂತಿಯ ಪಕ್ಕದಲ್ಲಿ ಇಟ್ಟದ್ದು. ಕಡ್ಡಿಯಿಂದ ಎಲೆ ಸರಿಸಿ ಸರಿಸಿ ಹುಡುಕಿದರು. ಇಲಿ ಎಳೆದಿರಬಹುದು, ಮಳೆಯಲ್ಲಿ ಕರಗಿರಬಹುದು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅಂದಿನಿಂದ ಹಳ್ಳದ ಕಡೆ ಯಾರೂ ಕುರಿ ಹೊಡೆಯಲಿಲ್ಲ. ಕೆಳಗಿನ ಹೊಲದವರ ಮೇಲೆ ಕೇಸಾಯಿತು. ಅದಕ್ಕಾಗಿ ಅವರು ಈಗಲೂ ಕನಕಪುರಕ್ಕೆ ಓಡಾಡುತ್ತಿದ್ದಾರೆ.

ಗಾರ್ಡು ಅವತ್ತೇ ಇನ್ನೊಂದು ಮಾತು ಹೇಳಿದ. “ನೋಡ್ರೀ, ಮದ್ದು, ಉರುಳು, ಕರೆಂಟು, ಇವೆಲ್ಲಾ ಬ್ಯಾಡ್ರೀ. ಊರವರೆಲ್ಲಾ ಸೇರಿ ಅರ್ಜಿ ಕೊಡ್ರಿ. ಸಾಹೇಬ್ರು ಪರ್ಮಿಷನ್ ಕೊಟ್ರ, ಲೈಸೆನ್ಸ್ ಬಂದೂಕು ಇದ್ದವರು ನಮ್ಮ ಮುಂದ ಹೊಡೀಬಹುದು. ಮರಿ ಇರೋ ತಾಯಿಗೆ ಹೊಡ್ಯಂಗಿಲ್ಲ. ಹೊಡೆದದ್ದನ್ನ ತಿನ್ನಂಗಿಲ್ಲ, ಸುಟ್ಟು ಹೂಳಬೇಕ್ರೀ.”

ಲೈಸೆನ್ಸ್ ಇದ್ದವರು ಯಾರು? ಪಕ್ಕದೂರಿನಲ್ಲಿ ಮಿಲಿಟರಿಯಿಂದ ಬಂದ ಒಬ್ಬ ತಾತ ಇದ್ದರು. ಅವರನ್ನು ಬಿಟ್ಟರೆ ನಾನು.

ನನ್ನ ತವರು ಕುದೂರಿನ ಹತ್ತಿರ. ಅಪ್ಪನಿಗೆ ಬೆಳೆ ಕಾಯಲು ಕೊಟ್ಟ ಒಂಟಿ ನಳಿಗೆಯ ಬಂದೂಕು ಇತ್ತು. ಗಂಡುಮಕ್ಕಳಿಲ್ಲದ ಅಪ್ಪ ಅದನ್ನು ಹಿಡಿಯಲು ನನಗೆ ಕಲಿಸಿದರು. ಹೆಗಲಿಗೆ ಹೇಗೆ ಒತ್ತಬೇಕು, ಉಸಿರನ್ನು ಯಾವಾಗ ಹಿಡಿಯಬೇಕು, ಮುಖ್ಯವಾಗಿ ಯಾವಾಗ ಹೊಡೆಯಬಾರದು ಎಂದು ಹೊಲದ ಬದುವಿನಲ್ಲಿ ಕೂತು ಹೇಳಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿಬಿಡಿ ಎಂದು ನೆಂಟರೆಲ್ಲ ಹೇಳಿದರು. ನಾನು ಒಪ್ಪಲಿಲ್ಲ. ಓಡಾಡಿ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಗಂಡನ ಮನೆಗೆ ತಂದು ಬೀರುವಿನ ಹಿಂದೆ ಇಟ್ಟದ್ದು, ಎಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ಮತ್ತೆ ತರುವುದು, ಬೆಳೆಯ ಕಾಲದಲ್ಲಿ ಆಕಾಶಕ್ಕೆ ಒಂದೆರಡು ಹಾರಿಸುವುದು, ಇಷ್ಟೇ ಅದರ ಕೆಲಸವಾಗಿತ್ತು. ಜೀವವಿರುವ ಯಾವುದಕ್ಕೂ ನಾನು ಅದನ್ನು ಗುರಿ ಹಿಡಿದಿರಲಿಲ್ಲ.

ನಾವಂದುಕೊಂಡದ್ದಕ್ಕಿಂತ ಬೇಗ ಅನುಮತಿ ಬಂತು. ಗಂಡ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅವರು ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು.

“ನೀನ್ ಯಾಕ್ ಓಗ್ಬೇಕು? ತಾತ ಅವ್ರಲ್ಲ.”

“ಅವರ ಕೈ ನಡುಗುತ್ತೆ. ನೀವೇ ನೋಡಿದ್ದೀರಿ.”

“ಜನ ಏನಂತಾರೆ? ಇಡೀ ಊರ ಗಂಡಸ್ರು ತಮಟೆ ಹೊಡೆಯಾದು, ನನ್ ಹೆಂಡ್ತಿ ಗುಂಡು ಹೊಡೆಯಾದಾ?”

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಹಿಂದೆಲ್ಲ ನಾನು ಬಂದೂಕಿಗೆ ಎಣ್ಣೆ ಹಾಕಲು ಕೂತರೆ ಅವರಿಗೆ ಆಗುತ್ತಿರಲಿಲ್ಲ. ಹೆರುವ ಹೆಣ್ಣು ಅದನ್ನು ಮುಟ್ಟಬಾರದು ಎನ್ನುತ್ತಿದ್ದರು. ಈಗಲೂ ಅದನ್ನೇ ಹೇಳುತ್ತಾರೆಂದುಕೊಂಡೆ.

“ಅವ್ಳು ಓಗ್ಲಿ ಬುಡು,” ಎಂದರು ಅತ್ತೆ. “ಗುಂಡಾದ್ರೆ ಒಂದೇ ಏಟ್ಗೆ ಓಯ್ತದೆ. ನಾನು ಅವತ್ತು ಇಡ್ಕಂಡು ನಿಂತಿದ್ನಲ್ಲ, ಅಂಗೆ ಯಾವ ಜೀವಾನೂ ನಿಲ್ಬಾರ್ದು.”

ಗಂಡ ಊಟ ಮುಗಿಸಿ ಎದ್ದು ಹೋಗಿ ಬೀರು ಸರಿಸಿ ಬಂದೂಕನ್ನು ತಂದು ನನ್ನ ಮುಂದೆ ಇಟ್ಟರು.

ಗೊತ್ತುಮಾಡಿದ ದಿನ ಬೆಳಕು ಹರಿದ ಮೇಲೆ ಹೊರಟೆವು. ಮೋಡ ಮುಸುಕಿತ್ತು, ಹುಲ್ಲೆಲ್ಲ ಒದ್ದೆ. ಬೀಗ ಹಾಕಿದ ಜಮೀನಿನ ಗೇಟನ್ನು ಮಾಲೀಕರ ಒಪ್ಪಿಗೆ ಪಡೆದು ಗಾರ್ಡು ತೆಗೆಸಿದ್ದ. ಊರಿನ ಗಂಡಸರು ತಮಟೆ, ಎಣ್ಣೆ ಡಬ್ಬ ಹಿಡಿದು ಮೇಲಿನ ಕಡೆಯಿಂದ ಸಾಲಾಗಿ ಪೊದೆಗೆ ಇಳಿಯುವುದು. ಹಂದಿಗಳು ಕೆಳಗೆ ಹಳ್ಳದ ಕಡೆಗೆ ಬರುವುದು. ಹಳ್ಳದ ಒಂದು ತುದಿಯಲ್ಲಿ ಮಿಲಿಟರಿ ತಾತ, ಇನ್ನೊಂದು ತುದಿಯ ಬಂಡೆಯ ಮೇಲೆ ನಾನು. ಸಿಗದೆ ಉಳಿದ ಆ ಒಂದು ಉಂಡೆಯ ಭಯ ಎಲ್ಲರಿಗೂ ಇತ್ತು. ಕಾಲಿಗೆ ಗೋಣಿಚೀಲ ಸುತ್ತಿಕೊಂಡವರೂ ಇದ್ದರು.

ಕೆಳಗಿನ ಹೊಲದವರು ನನ್ನ ಹಿಂದೆ, ಬಂಡೆಯ ಮರೆಯಲ್ಲಿ ನಿಂತರು. ಅವರನ್ನು ಅಲ್ಲಿ ನಿಲ್ಲಲು ಹೇಳಿದ್ದು ಗಾರ್ಡು. ಯಾರ ಕಣ್ಣಿಗೂ ಬೀಳದೆ ಇರಲಿ ಎಂದೋ, ತನ್ನ ಕಣ್ಣಳತೆಯಲ್ಲಿರಲಿ ಎಂದೋ ಗೊತ್ತಿಲ್ಲ.

ತಮಟೆ ಶುರುವಾಯಿತು. ಮೊದಲು ನವಿಲುಗಳು ಎದ್ದು ಹೋದವು. ಆಮೇಲೆ ಪೊದೆಯೊಳಗೆ ಕಡ್ಡಿ ಮುರಿಯುವ ಸದ್ದು ನಮ್ಮ ಕಡೆಗೇ ಬಂತು. ಲಾಂಟಾನ ಸೀಳಿಕೊಂಡು ಒಂದು ದೊಡ್ಡ ಹಂದಿ ಹಳ್ಳಕ್ಕಿಳಿಯಿತು. ಅದರ ಹಿಂದೆಯೇ ಮೈಮೇಲೆ ಪಟ್ಟೆಯಿದ್ದ ಮರಿಗಳು. ತಾಯಿ ನನ್ನನ್ನು ನೋಡಿತು. ಓಡಲಿಲ್ಲ. ಮರಿಗಳೆಲ್ಲ ನೀರು ದಾಟುವವರೆಗೂ ನನಗೆ ಅಡ್ಡಲಾಗಿ ನಿಂತಿದ್ದು ಆಮೇಲೆ ಹೋಯಿತು.

ಮೇಲಿನಿಂದ ಯಾರೋ ಕಿರುಚಿದರು. “ಹೊಡಿಯಮ್ಮೋ! ಯಾಕ್ ಬುಟ್ಟೆ? ಅದೇ ನಿನ್ ಹೊಲ ತಿನ್ನೋದು!”

ನಿಜ. ಆ ಮರಿಗಳು ಬೆಳೆದು ಮರುವರ್ಷ ನನ್ನ ಹೊಲಕ್ಕೇ ಬರುತ್ತವೆ ಎಂಬುದು ನನಗೂ ಗೊತ್ತಿತ್ತು. ನಾನು ಬಂದೂಕಿನ ಕುದುರೆ ಎಳೆಯಲಿಲ್ಲ.

ಹಳ್ಳದ ಆ ತುದಿಯಲ್ಲಿ ತಾತನ ಬಂದೂಕು ಸಿಡಿಯಿತು. ಕೂಗಾಟ ಕೇಳಿತು, ಒಂದು ಬಿದ್ದಿತ್ತು. ಅಷ್ಟರಲ್ಲಿ ನನ್ನ ಮುಂದೆ ಒಂಟಿ ಗಂಡು ಹೊರಬಂತು. ಕಪ್ಪಗೆ, ಬೆನ್ನಿನ ಕೂದಲು ನಿಗುರಿಸಿಕೊಂಡು, ತಲೆ ಬಗ್ಗಿಸಿ ನೇರ ಬಂಡೆಯ ಕಡೆಗೇ ಓಡಿಬಂತು. ಉಸಿರು ಹಿಡಿದೆ, ಮುಂಗಾಲಿನ ಹಿಂದೆ ನೋಡಿ ಹೊಡೆದೆ. ಅದು ಅದೇ ವೇಗದಲ್ಲಿ ಇನ್ನೊಂದಿಷ್ಟು ದೂರ ಓಡಿ, ಮುಂಗಾಲು ಮಡಚಿ, ಮೂತಿಯಿಂದ ನೆಲ ಉತ್ತುಕೊಂಡು ಹೋಗಿ ನಿಂತಿತು. ಮತ್ತೆ ಏಳಲಿಲ್ಲ. ಸಂತೋಷವಾಯಿತೇ ಎಂದು ಆಮೇಲೆ ಹಲವರು ಕೇಳಿದರು. ಇಲ್ಲ. ಆದರೆ ನರಳಲಿಲ್ಲವಲ್ಲ ಎಂಬ ಸಮಾಧಾನ ಇತ್ತು, ಅದನ್ನು ಸುಳ್ಳೆನ್ನಲಾರೆ.

ಮುಗಿಯಿತೆಂದು ತಮಟೆಯವರು ಹಳ್ಳಕ್ಕಿಳಿಯುತ್ತಿದ್ದರು. ಆಗ ಬಂಡೆಯ ಎಡಗಡೆ, ಜಾಲಿಯ ಬುಡದಲ್ಲಿ ಏನೋ ಅಲುಗಾಡಿದ್ದನ್ನು ಕೆಳಗಿನ ಹೊಲದವರು ತೋರಿಸಿದರು. ಇನ್ನೊಂದು ಹಂದಿ. ಅಷ್ಟೆಲ್ಲ ಸದ್ದಾದರೂ ಅದು ಓಡಿರಲಿಲ್ಲ. ತೋಟಾ ಬದಲಿಸಿ, ಗಾರ್ಡನ್ನು ಕರೆದು, ಮೂವರೂ ಮೆಲ್ಲಗೆ ಹತ್ತಿರ ಹೋದೆವು.

ಅದು ನಿಂತಿತ್ತು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು, ಚರ್ಮ ಹಳೆಯ ಕಂಬಳಿಯ ಹಾಗೆ ಜೋತಿತ್ತು. ಮೂತಿಯ ಕೆಳಗೆ ದವಡೆ ಒಡೆದು ಒಂದು ಪಕ್ಕಕ್ಕೆ ನೇತಾಡುತ್ತಿತ್ತು, ಹುಳು ಬಿದ್ದಿತ್ತು. ಸಿಗದೆ ಹೋದ ಉಂಡೆ ಎಲ್ಲಿಗೆ ಹೋಗಿತ್ತೆಂದು ಮೂವರಿಗೂ ಒಟ್ಟಿಗೆ ಅರ್ಥವಾಯಿತು. ಅಷ್ಟು ದಿನದಿಂದ ಅದು ಏನನ್ನೂ ಅಗಿದಿರಲಾರದು. ಒಂದು ಕಡ್ಲೆಕಾಯಿ ಕೂಡ.

ಕೆಳಗಿನ ಹೊಲದವರು ಅಲ್ಲೇ ಕುಕ್ಕರಿಸಿ ಕೂತುಬಿಟ್ಟರು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. “ಹೊಡಿ ತಾಯಿ,” ಎಂದರು. “ಬೇಗ ಹೊಡಿ. ನನ್ ಕೈಲಿ ನೋಡಕ್ಕಾಗಲ್ಲ.”

ಗಾರ್ಡು ಹೊಡೆಯಿರಿ ಎಂಬಂತೆ ತಲೆಯಾಡಿಸಿದ. ಹಂದಿ ನನ್ನನ್ನು ನೋಡುತ್ತಿತ್ತೋ ಇಲ್ಲವೋ ಹೇಳಲಾರೆ; ಕಣ್ಣು ತೆರೆದಿತ್ತು. ಅಪ್ಪ ಕಲಿಸಿದ ಹಾಗೆ ಕಿವಿಯ ಕೆಳಗೆ ಗುರಿ ಹಿಡಿದೆ. ಓಡಿಬರುತ್ತಿದ್ದ ಹಂದಿಯನ್ನು ಹೊಡೆಯುವುದಕ್ಕಿಂತ ನಿಂತದ್ದನ್ನು ಹೊಡೆಯುವುದು ಕಷ್ಟವಾಯಿತು. ಒಮ್ಮೆ ಬಂದೂಕು ಇಳಿಸಿ ಉಸಿರೆಳೆದುಕೊಂಡು ಮತ್ತೆ ಎತ್ತಿದೆ. ಗುಂಡು ತಾಗಿದಾಗ ಅದು ಸದ್ದಿಲ್ಲದೆ ಕುಸಿಯಿತು.

ಮಧ್ಯಾಹ್ನದ ಹೊತ್ತಿಗೆ ಜೆಸಿಬಿ ಬಂದು ಗುಂಡಿ ತೋಡಿತು. ಸತ್ತ ಹಂದಿಗಳನ್ನು ಸಾಲಾಗಿ ಮಲಗಿಸಿದ್ದರು. ಅಷ್ಟು ಹೊತ್ತು ಹಂದಿಯ ಕಾಟದ ಬಗ್ಗೆ ಮಾತಾಡುತ್ತಿದ್ದವರು ಈಗ ಬಾಡೂಟದ ಬಗ್ಗೆ ಮಾತಾಡತೊಡಗಿದರು.

“ಇಷ್ಟು ಬಾಡ ಮಣ್ಗಾಕ್ತೀರಾ?” ಎಂದು ತಮಟೆ ಹೊಡೆದವರೊಬ್ಬರು ಗಾರ್ಡಿನ ಮುಂದೆ ನಿಂತರು. “ಬೆಳಗಿಂದ ಮುಳ್ಳಲ್ಲಿ ತಿರುಗಿದ್ದೀವಿ. ಆ ಬಡಕಲನ್ನ ಬುಡು, ಈ ಎರಡರಲ್ಲಿ ಮನೆಗೆ ಒಸಿ ಒಸಿ ಕೊಟ್ರೆ ಯಾರಪ್ಪನ ಗಂಟು ಓಯ್ತದೆ?”

“ಕಾನೂನು ಅದರೀ ಯಜಮಾನ್ರ. ಇವತ್ತು ತಿನ್ನಾಕ ಬಿಟ್ರ, ನಾಳೆ ತಿನ್ನಾಕಂತನ ಹೊಡೀತೀರಿ.”

ಮಾತಿಗೆ ಮಾತು ಬೆಳೆಯಿತು. ಯಾರೋ ಗಾರ್ಡಿನ ಭುಜ ತಳ್ಳಿದರು. ಮಿಲಿಟರಿ ತಾತ ಮಧ್ಯೆ ಬಂದು, “ಲೇ, ದೂರ ನಿಂತ್ಕಳ್ರಲಾ,” ಎಂದು ಗದರಿದರು. ಅವರ ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. ಕೆಳಗಿನ ಹೊಲದವರು ಯಾರ ಮಾತಿಗೂ ಸೇರದೆ, ಆ ಬಡಕಲು ಹಂದಿಯ ಹಿಂಗಾಲು ಹಿಡಿದು ಒಬ್ಬರೇ ಎಳೆದುಕೊಂಡು ಹೋಗಿ ಗುಂಡಿಗೆ ಇಳಿಸಿದರು. ಅದನ್ನು ನೋಡಿ ಜಗಳ ತಣ್ಣಗಾಯಿತು. ಸೌದೆ ಒಟ್ಟಿ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಹೊಗೆ ನಮ್ಮ ಕಡ್ಲೆಕಾಯಿ ಹೊಲದ ಮೇಲೆಯೇ ಹಾದುಹೋಯಿತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ತಡೆದರು. ಹಿತ್ತಲಿನಿಂದ ಬಾ ಎಂದರು. ಹಂಡೆಯಲ್ಲಿ ನೀರು ಕಾಯಿಸಿಟ್ಟಿದ್ದರು. ಸತ್ತವರ ಮಣ್ಣಿಗೆ ಹೋಗಿ ಬಂದವರಿಗೆ ಹಾಕುವ ಹಾಗೆ ತಲೆಯ ಮೇಲಿಂದ ನೀರು ಸುರಿದರು. ನನಗೆ ಎಲ್ಲಿತ್ತೋ ಅಳು ಬಂತು. ಅತ್ತೆ ನೀರು ಹುಯ್ಯುತ್ತಲೇ ಇದ್ದರು.

“ಸತ್ತವು ನೆಂಟ್ರಲ್ಲ, ಶತ್ರುಗಳೂ ಅಲ್ಲ,” ಎಂದರು ಕೊನೆಗೆ. “ಆದ್ರೂ ನೀರು ಬಿದ್ರೆ ಮೈ ಅಗುರಾಯ್ತದೆ. ತಲೆ ಒರೆಸ್ಕೊ.”

ಅಂದು ಗಂಡ ಶಿಫ್ಟ್ ಬದಲಿಸಿಕೊಂಡು ಮನೆಯಲ್ಲೇ ಉಳಿದರು. ಒಲೆ ಹಚ್ಚಿ ಅನ್ನ ಸಾರು ಮಾಡಿದವರೂ ಅವರೇ. ಊರಿನಲ್ಲಿ ಅವರು ಹೆದರಿದ್ದ ಮಾತುಗಳನ್ನು ಯಾರೂ ಆಡಲಿಲ್ಲ. ಹಿಂದಿನಿಂದ ಆಡಿರಬಹುದು. ನನ್ನ ಕಿವಿಗೆ ಬೀಳಲಿಲ್ಲ.

ಆ ವರ್ಷ ಹಂದಿಗಳು ಹಳ್ಳ ದಾಟಿ ಬರಲಿಲ್ಲ. ಕಡ್ಲೆಕಾಯಿ ಕಿತ್ತೆವು; ಬಹಳ ವರ್ಷಗಳ ಮೇಲೆ ಅಂಗಳದ ತುಂಬ ಕಾಯಿ ಹರಡಿ ಒಣಗಿಸಿದೆವು. ಮರುವರ್ಷ ಮತ್ತೆ ಬಂದವು. ಬೀಗ ಹಾಕಿದ ಜಮೀನು ಹಾಗೆಯೇ ಇದೆ, ಲಾಂಟಾನ ಹಾಗೆಯೇ ಇದೆ, ಬಾರದೆ ಇನ್ನೇನು? ಈ ಬಾರಿ ಅರ್ಜಿಯ ಜೊತೆಗೆ ಆ ಪೊದೆಗಳನ್ನು ಕಡಿಸಬೇಕೆಂದೂ ಬರೆದುಕೊಟ್ಟೆವು. ಒಂದು ಭಾಗ ಕಡಿಸಿದ್ದಾರೆ. ಅಲ್ಲಿ ಈಗ ಕುರಿಗಳು ಮೇಯುತ್ತವೆ.

ಮಿಲಿಟರಿ ತಾತ ಬಂದೂಕನ್ನು ಠಾಣೆಗೆ ಒಪ್ಪಿಸಿದ್ದಾರೆ. ಈಗ ಸುತ್ತಲಿನ ಊರಿನವರು ಅನುಮತಿ ಪತ್ರ ಹಿಡಿದು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಎಲ್ಲ ಕಡೆಗೂ ಹೋಗುವುದಿಲ್ಲ. ಹೋಗುವ ಮೊದಲು ಒಂದು ಮಾತು ಕೇಳುತ್ತೇನೆ: ಮದ್ದು ಇಟ್ಟಿದ್ದೀರಾ? ಇಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ, ಆಮೇಲೆ ಬರುತ್ತೇನೆ ಎನ್ನುತ್ತೇನೆ. ಕೆಲವರು ತೆಗೆದು ಬಂದು ಕರೆಯುತ್ತಾರೆ. ಕೆಲವರು ಮತ್ತೆ ಬರುವುದಿಲ್ಲ.

ಮೊನ್ನೆ ಕೋಡಿಹಳ್ಳಿ ಕಡೆಯ ಊರೊಂದರಿಂದ ಜೀಪು ಬಂದಿತ್ತು. ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟುತ್ತಾ, “ಹೋಗ್ತೀನಿ ಅತ್ತೆ” ಎಂದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುಖ ಎತ್ತದೆಯೇ, “ಓಗ್ಬತ್ತೀನಿ ಅನ್ನು,” ಎಂದರು. ನಾನು ಹಾಗೆಯೇ ಹೇಳಿ ಜೀಪು ಹತ್ತಿದೆ.